ಹೆಗಲಿನ ಹೊಲಿಗೆ

ಕನ್ನಡ ನಾಡಿನಲ್ಲಿ ದುಡಿಮೆಯ ಮಾತು ಬಂದರೆ ಹೆಗಲಿನ ಮಾತೂ ಬರುವುದು. ನೊಗ ಹೊರುವ ಎತ್ತಿಗೆ ಹೆಗಲು, ಮೂಟೆ ಹೊರುವ ಆಳಿಗೆ ಹೆಗಲು, ದೇವರ ಪಲ್ಲಕ್ಕಿಗೆ ಹೆಗಲು. ಕಡೆಗೆ ಮನುಷ್ಯನನ್ನು ಮಸಣಕ್ಕೆ ಒಯ್ಯುವುದೂ ನಾಲ್ವರ ಹೆಗಲೇ. ಕಷ್ಟದಲ್ಲಿ ನೆರವಾಗುವುದನ್ನೇ ನಾವು ಹೆಗಲು ಕೊಡುವುದೆಂದು ಕರೆಯುತ್ತೇವೆ. ಇಷ್ಟು ಭಾರವನ್ನು ಹೊರತಕ್ಕ ಈ ಅಂಗದೊಳಗೆ ಏನಿದೆ, ಅದು ಹರಿದರೆ ಹೇಗೆ ಕೂಡುತ್ತದೆ, ಅದನ್ನು ಕೂಡಿಸುವ ವಿದ್ಯೆಯನ್ನು ಮನುಷ್ಯರು ಹೇಗೆ ಕಲಿತರು ಎಂಬ ಚರಿತ್ರೆಯನ್ನು ಇಂದು ಶ್ರೋತೃಗಳ ಮುಂದೆ ಸಂಗ್ರಹವಾಗಿ ಇಡಬೇಕೆಂದಿದ್ದೇವೆ. ನಾವು ವೈದ್ಯರಲ್ಲ; ಚರಿತ್ರೆಯ ಪಾಠ ಹೇಳುವವರು. ಆದರೂ ಈ ವಿಷಯಕ್ಕೆ ಕೈಹಾಕಲು ಒಂದು ಕಾರಣವುಂಟು.

ಗದಗಿನ ಮಾರುಕಟ್ಟೆಯನ್ನು ಕಂಡವರಿಗೆ ಅಲ್ಲಿಯ ಹಮಾಲರ ಪರಿಚಯವಿದ್ದೇ ಇರುವುದು. ಹತ್ತಿಯ ಅಂಡಿಗೆ, ಮೆಣಸಿನಕಾಯಿಯ ಚೀಲ, ಉಳ್ಳಾಗಡ್ಡಿಯ ಚೀಲ, ಇವೆಲ್ಲ ಅವರ ಹೆಗಲಿನ ಮೇಲೆಯೇ ಬಂಡಿಯಿಂದ ಅಂಗಡಿಗೂ ಅಂಗಡಿಯಿಂದ ಲಾರಿಗೂ ಸಾಗುವುವು. ಅಲ್ಲಿ ಒಮ್ಮೆ ಐವತ್ತೈದರ ಆಸುಪಾಸಿನ ಹಿರಿಯರೊಬ್ಬರು ಚೀಲಗಳ ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದನ್ನು ನೋಡಿ ವಿಚಾರಿಸಿದೆವು. ಮಳೆಗಾಲದಲ್ಲಿ ಚೀಲ ಹೊತ್ತು ಜಾರಿ ಬಿದ್ದರಂತೆ. ಮೂಳೆಯ ಚಿತ್ರ ತೆಗೆಸಿದರಂತೆ; ಮೂಳೆ ಮುರಿದಿರಲಿಲ್ಲ. ಎಣ್ಣೆ ಹಚ್ಚಿ ನೀವಿಸಿ ಆರು ತಿಂಗಳು ಕಳೆದವಂತೆ. “ಏನ್ ಮಾಡೂದ್ರೀ ಮಾಸ್ತರ, ತೋಳು ಮ್ಯಾಲೆ ಏಳವಲ್ದು. ಮೂಳಿ ಮುರದಿಲ್ಲ ಅಂತಾರ. ಮುರೀದ ಇದ್ರ ಕೈ ಯಾಕ ಏಳವಲ್ದ್ರೀ?” ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡು ಹೊರಟುದೇ ಈ ಭಾಷಣಕ್ಕೆ ಮೂಲ.

ಮೊದಲು ಹೆಗಲಿನ ರಚನೆಯನ್ನು ತಿಳಿಯೋಣ. ತೊಡೆಯ ಮೂಳೆಯ ತಲೆ ಸೊಂಟದ ಆಳವಾದ ಗುಳಿಯಲ್ಲಿ ಭದ್ರವಾಗಿ ಕುಳಿತಿರುವುದು. ತೋಳಿನ ಮೂಳೆಗೆ ಅಂಥ ಗುಳಿಯಿಲ್ಲ. ತಟ್ಟೆಯ ಮೇಲೆ ನಿಂಬೆಯ ಹಣ್ಣನ್ನು ಇಟ್ಟಂತೆ ಅದು ಹೆಗಲಿನ ಹಲಗೆಮೂಳೆಯ ಅಂಚಿಗೆ ತಾಗಿಕೊಂಡಿರುವುದು. ಆದುದರಿಂದಲೇ ತೋಳು ಎಲ್ಲ ದಿಕ್ಕಿಗೂ ತಿರುಗಬಲ್ಲದು. ಸುಲಭವಾಗಿ ಜಾರಲೂ ಬಲ್ಲದು. ಹಣ್ಣನ್ನು ತಟ್ಟೆಗೆ ಒತ್ತಿ ಹಿಡಿಯತಕ್ಕವು ನಾಲ್ಕು ಮಾಂಸಖಂಡಗಳು. ಅವು ಹಲಗೆಮೂಳೆಯಲ್ಲಿ ಹುಟ್ಟಿ, ತುದಿಯಲ್ಲಿ ಬಿಳಿಯ ಗಟ್ಟಿ ಹುರಿಗಳಾಗಿ, ನಾಲ್ಕೂ ಒಂದಾಗಿ ಬೆಸೆದು, ಮಗುವಿನ ತಲೆಗೆ ಕುಲಾವಿ ಹಾಕಿದಂತೆ ತೋಳಮೂಳೆಯ ತಲೆಯನ್ನು ಆವರಿಸಿ ಅದಕ್ಕೆ ಅಂಟಿಕೊಂಡಿವೆ. ಈ ಹುರಿಗೆ ಕಂಡರವೆಂದು ಹೆಸರು. ನಾಲ್ಕರಲ್ಲಿ ಮೇಲ್ಭಾಗದ ಕಂಡರವು ಹೆಗಲಿನ ತುದಿಮೂಳೆಯ ಕೆಳಗಿನ ಇಕ್ಕಟ್ಟಾದ ಸಂದಿನಲ್ಲಿ ಹಾದುಹೋಗುವುದು. ಹೆಚ್ಚಾಗಿ ಹರಿಯುವುದೂ ಅದೇ. ಕುಲಾವಿ ಹರಿದರೆ ಮೂಳೆಗೆ ಏನೂ ಆಗಿರುವುದಿಲ್ಲ. ಆದರೆ ತೋಳನ್ನು ಎತ್ತುವ ಬಲ ಕುಂದುವುದು.

ನಮ್ಮ ಪ್ರಾಚೀನರು ಇದನ್ನು ಎಷ್ಟರಮಟ್ಟಿಗೆ ಅರಿತಿದ್ದರು? ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ದೇಹದ ಸ್ನಾಯುಗಳು 900 ಎಂದೂ ಅವುಗಳಲ್ಲಿ 600 ಕೈಕಾಲುಗಳಲ್ಲಿವೆಯೆಂದೂ ಲೆಕ್ಕ ಹೇಳಿದೆ. ಇಲ್ಲಿ ಒಂದು ಎಚ್ಚರ ಅಗತ್ಯ. ಇಂದಿನ ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡವೆಂಬ ಅರ್ಥ ರೂಢಿಯಾಗಿದೆ. ಸುಶ್ರುತನಿಗಾದರೋ ಅದು ಕಟ್ಟುವ ಹುರಿ. ಅಂಥವುಗಳಲ್ಲಿ ದುಂಡಾದುವನ್ನು ಅವನು ಕಂಡರಗಳೆಂದು ಕರೆದನು. ಹಲಗೆಗಳನ್ನು ಅನೇಕ ಕಟ್ಟುಗಳಿಂದ ಬಿಗಿದ ದೋಣಿಯು ನೀರಿನ ಮೇಲೆ ಭಾರವನ್ನು ಹೊರುವಂತೆ, ಸಂಧಿಗಳನ್ನು ಸ್ನಾಯುಗಳು ಬಿಗಿದಿರುವುದರಿಂದಲೇ ಮನುಷ್ಯನು ಭಾರವನ್ನು ಹೊರಬಲ್ಲನೆಂಬುದು ಅವನ ಉಪಮಾನ. ಮೂಳೆಗೆ ಆದ ಪೆಟ್ಟಿಗಿಂತಲೂ ಸ್ನಾಯುವಿಗೆ ಆದ ಪೆಟ್ಟು ಹೆಚ್ಚು ಕೇಡನ್ನು ತರುವುದೆಂದೂ ಅವನು ಹೇಳಿರುವನು. ಗದಗಿನ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಹೆಗಲು ಕೀಲು ತಪ್ಪಿದಾಗ ಕಂಕುಳಿಗೆ ಒನಕೆಯನ್ನು ಕೊಟ್ಟು ಎತ್ತಿ ಕೂಡಿಸಿ ಸ್ವಸ್ತಿಕದ ಆಕಾರದಲ್ಲಿ ಪಟ್ಟಿ ಕಟ್ಟಬೇಕೆಂಬ ವಿಧಿಯೂ ಅದೇ ಗ್ರಂಥದಲ್ಲಿದೆ. ಹೆಗಲಿನ ಬಂಧಗಳು ಒಣಗಿ ತೋಳು ಕಟ್ಟಿಕೊಳ್ಳುವ ಬೇನೆಯನ್ನು ಅವಬಾಹುಕವೆಂದು ಹೆಸರಿಸಿದೆ. ಈ ವಿದ್ಯೆ ಕನ್ನಡ ನಾಡಿಗೆ ಅಪರಿಚಿತವಾಗಿರಲಿಲ್ಲ. ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆಯು ತಿರುಳ್ಗನ್ನಡದ ನೆಲವೆಂದು ಪ್ರಸಿದ್ಧವಾಗಿದ್ದ ಕಾಲದ ಮೇಲೆ ಕೆಲವು ತಲೆಮಾರುಗಳು ಕಳೆಯುವಷ್ಟರಲ್ಲಿ, 12ನೆಯ ಶತಮಾನದಲ್ಲಿ, ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಗ್ರಂಥವನ್ನು ಓದದ ಹಳ್ಳಿಯ ನಾಟಿವೈದ್ಯರೂ ಎಲುಬು ಕೂಡಿಸುವವರೂ ಕೈಯ ಅನುಭವದಿಂದಲೇ ಈ ಕೆಲಸವನ್ನು ನಡೆಸಿಕೊಂಡು ಬಂದರು. ಅವರ ಕಟ್ಟಿನಲ್ಲಿ ಒಂದು ದೊಡ್ಡ ಗುಣವಿತ್ತು: ಅಂಗಕ್ಕೆ ವಿಶ್ರಾಂತಿ. ಒಂದು ದೋಷವೂ ಇತ್ತು. ಹೊರಗಿನಿಂದ ಮುಟ್ಟಿದ ಕೈಗೆ ಜಾರಿದ ಮೂಳೆ ತಿಳಿಯುವುದು. ಮಾಂಸದ ಅಡಿಯಲ್ಲಿ ಹರಿದ ಕಂಡರ ತಿಳಿಯದು. ಹರಿದ ಕಂಡರವನ್ನು ನೀವಿದರೆ ಅದು ಕೂಡದು; ಬಲವಾಗಿ ಎಳೆದರೆ ಇನ್ನಷ್ಟು ಹರಿಯಬಹುದು.

ಪಾಶ್ಚಾತ್ಯರಿಗೂ ಇದು ಬಹುಕಾಲ ತಿಳಿದಿರಲಿಲ್ಲ. 1788ರಲ್ಲಿ ಎಡಿನ್‌ಬರೋದ ಅಂಗರಚನಾಶಾಸ್ತ್ರಜ್ಞ ಅಲೆಗ್ಸಾಂಡರ್ ಮನ್ರೋ ಎಂಬಾತನು ಶವದ ಹೆಗಲಿನಲ್ಲಿ ಚಿಂದಿಯಾದ ಅಂಚುಗಳುಳ್ಳ ಒಂದು ತೂತನ್ನು ಕಂಡು ವರ್ಣಿಸಿದನು. 1834ರಲ್ಲಿ ಲಂಡನ್ನಿನ ಒಂದು ವೈದ್ಯಪತ್ರಿಕೆಯಲ್ಲಿ ಸ್ಮಿತ್ ಎಂಬಾತನು ಅಂಥ ಏಳು ಹೆಗಲುಗಳ ವಿವರವನ್ನು ಪ್ರಕಟಿಸಿದನು. ಆದರೆ ಇವೆಲ್ಲ ಸತ್ತವರ ಹೆಗಲುಗಳು. ಬದುಕಿರುವವನ ಸಂಧಿಯನ್ನು ತೆರೆಯಲು ಎರಡು ಅಡ್ಡಿಗಳಿದ್ದುವು, ನೋವು ಮತ್ತು ಕೀವು. 1846ರಲ್ಲಿ ಅಮೆರಿಕಾದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರಿನ ಪ್ರಯೋಗದಿಂದ ಮೊದಲನೆಯ ಅಡ್ಡಿಯೂ, 1867ರಲ್ಲಿ ಲಿಸ್ಟರನು ಪ್ರಕಟಿಸಿದ ನಂಜುನಿವಾರಕ ಕ್ರಮದಿಂದ ಎರಡನೆಯ ಅಡ್ಡಿಯೂ ಸರಿಯತೊಡಗಿದುವು. 1895ರಲ್ಲಿ ರಾಂಟ್‌ಗೆನ್ನನು ಎಕ್ಸ್‌ಕಿರಣಗಳನ್ನು ಕಂಡುಹಿಡಿದನು. ಅದು ಮಹೋಪಕಾರವೇ ಆಯಿತಾದರೂ ಆ ಕಿರಣ ತೋರಿಸುವುದು ಮೂಳೆಯನ್ನು. ಕಂಡರವು ಅದರಲ್ಲಿ ಕಾಣದು. ಚಿತ್ರದಲ್ಲಿ ಮೂಳೆ ಸರಿಯಾಗಿದ್ದರೆ ರೋಗಿಯ ಮಾತನ್ನೇ ಸಂದೇಹಿಸುವ ಒಂದು ಹೊಸ ತಪ್ಪಿಗೆ ಅದು ದಾರಿಯಾಯಿತು.

ಈ ಸಂದರ್ಭದಲ್ಲಿಯೇ ನಮ್ಮ ಕಥೆಯ ಮುಖ್ಯ ಪುರುಷನು ಬರುತ್ತಾನೆ. ಅರ್ನೆಸ್ಟ್ ಅಮೋರಿ ಕಾಡ್‌ಮನ್ ಎಂಬಾತನು 1869ರಲ್ಲಿ ಹುಟ್ಟಿದವನು. ಈಥರಿನ ಪ್ರಯೋಗ ನಡೆದ ಆ ಬಾಸ್ಟನ್ ಆಸ್ಪತ್ರೆಯಲ್ಲಿಯೇ ಶಸ್ತ್ರವೈದ್ಯನಾಗಿದ್ದವನು. 1909ರಲ್ಲಿ ಅವನು ಹರಿದ ಮೇಲ್ಭಾಗದ ಕಂಡರವನ್ನು ತೆರೆದು ಹೊಲಿದನು. 1911ರಲ್ಲಿ ಅಂಥ ಎರಡು ಶಸ್ತ್ರಕ್ರಿಯೆಗಳ ವರದಿಯನ್ನು ಪ್ರಕಟಿಸಿದನು. ಯೂರೋಪಿನಲ್ಲಿಯೂ ಆ ಸುಮಾರಿಗೆ ಕೆಲವರು ಇಂಥ ಪ್ರಯತ್ನವನ್ನು ಮಾಡಿದ್ದರು. ಆದರೆ ಮೂಳೆ ಮುರಿಯದೆಯೂ ತೋಳು ಏಳದ ಕೂಲಿಕಾರನು ಸೋಗು ಹಾಕುತ್ತಿಲ್ಲ, ಅವನ ಕಂಡರ ಹರಿದಿರಬಹುದು ಎಂಬ ಮಾತನ್ನು ಹಟಹಿಡಿದು ಹೇಳಿದವನು ಕಾಡ್‌ಮನ್. 1934ರಲ್ಲಿ ಹೊರಬಂದ ಅವನ ಗ್ರಂಥಕ್ಕೆ ಹೆಗಲು ಎಂಬುದೇ ಹೆಸರು.

ಅವನು ಇನ್ನೊಂದು ಹಟವನ್ನೂ ಹಿಡಿದನು. ಶಸ್ತ್ರಕ್ರಿಯೆ ಮುಗಿದೊಡನೆ ವೈದ್ಯನ ಹೊಣೆ ತೀರುವುದಿಲ್ಲ; ಒಂದು ವರ್ಷವಾದರೂ ಕಳೆದಮೇಲೆ ರೋಗಿಯನ್ನು ಮತ್ತೆ ಕರೆದು, ಕಡೆಗೆ ಏನಾಯಿತೆಂದು ನೋಡಿ, ಬರೆದಿಟ್ಟು, ಎಲ್ಲರಿಗೂ ತೋರಿಸಬೇಕು ಎಂಬುದು ಅವನ ವಾದ. ಆಸ್ಪತ್ರೆಯಲ್ಲಿ ಯೋಗ್ಯತೆಗಿಂತ ಹಿರಿತನಕ್ಕೆ ಮನ್ನಣೆಯೆಂದು ಪ್ರತಿಭಟಿಸಿ 1914ರಲ್ಲಿ ಅವನು ತನ್ನ ಸ್ಥಾನಕ್ಕೆ ರಾಜೀನಾಮೆ ಕೊಟ್ಟನು. ಮರುವರ್ಷ ಒಂದು ವೈದ್ಯಸಭೆಯಲ್ಲಿ, ಮರಳಿನಲ್ಲಿ ತಲೆ ಹುದುಗಿಸಿಕೊಂಡು ಚಿನ್ನದ ಮೊಟ್ಟೆಯಿಡುವ ಉಷ್ಟ್ರಪಕ್ಷಿಯ ವ್ಯಂಗ್ಯಚಿತ್ರವನ್ನು ಬಿಚ್ಚಿ ತೋರಿಸಿ ಊರ ಗಣ್ಯರ ಕೋಪಕ್ಕೆ ಪಾತ್ರನಾದನು. ತಾನೇ ನಡೆಸಿದ ಸಣ್ಣ ಆಸ್ಪತ್ರೆಯಲ್ಲಿ 1911ರಿಂದ 1916ರ ವರೆಗೆ ಚಿಕಿತ್ಸೆ ಪಡೆದು ಹೋದ 337 ರೋಗಿಗಳ ಲೆಕ್ಕವನ್ನು ಕೊಟ್ಟು, ಅದರಲ್ಲಿ 123 ತಪ್ಪುಗಳಾದುವೆಂದು ತಾನಾಗಿಯೇ ಅಚ್ಚು ಹಾಕಿಸಿದನು. 1940ರಲ್ಲಿ ಅವನು ತೀರಿಕೊಂಡಾಗ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಅದನ್ನು ನಿಲ್ಲಿಸಿದುದು 2014ರಲ್ಲಿ. ತನ್ನ ತಪ್ಪನ್ನು ತಾನೇ ಎಣಿಸಿದ ಈ ಮನುಷ್ಯನಿಂದಲೇ ಹೆಗಲಿನ ಶಸ್ತ್ರವಿದ್ಯೆಗೆ ದಾರಿ ಸಿಕ್ಕಿತೆಂಬುದನ್ನು ನಾವು ಮರೆಯಬಾರದು. ಮುಂದೆ ಹೇಳತಕ್ಕ ಮಾತಿಗೆ ಇದು ಆಧಾರವಾಗಿದೆ.

ಕಾಡ್‌ಮನ್ ಬಾಸ್ಟನ್ನಿನಲ್ಲಿ ಹೀಗೆ ಹೋರಾಡುತ್ತಿದ್ದಾಗ ನಮ್ಮ ನಾಲ್ಕು ಊರುಗಳು ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದುವು. ಗದಗ–ಬೆಟಗೇರಿಯೂ ಮುಂಡರಗಿಯೂ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದುವು. ಲಕ್ಷ್ಮೇಶ್ವರವು ಹಿರಿಯ ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದುವು. ಶಸ್ತ್ರಚಿಕಿತ್ಸೆಯೆಂದರೆ ಈ ಸೀಮೆಯ ಜನರು ಮಿರಜಿನ ದಾರಿ ಹಿಡಿಯುತ್ತಿದ್ದರು. ಅಲ್ಲಿ ಅಮೆರಿಕಾದ ಪ್ರೆಸ್ಬಿಟೀರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆಯನ್ನು ತೆರೆದಿದ್ದನು. ಕಣ್ಣಿನ ಪೊರೆ, ಹೊಟ್ಟೆಯ ಗಡ್ಡೆ ಮೊದಲಾದುವಕ್ಕೆ ಅದು ಹೆಸರಾಗಿತ್ತು. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರೂ ಆಸ್ಪತ್ರೆಯನ್ನು ನಡೆಸಿದರು. ಕಣ್ಣಿಗೂ ಹೊಟ್ಟೆಗೂ ಊರು ಬಿಟ್ಟು ಹೋದವರುಂಟು. ತೋಳು ಏಳದಿದ್ದುದಕ್ಕೆ ಹೋಗುವವರು ವಿರಳ. ಪ್ರಾಣಕ್ಕೆ ಅಪಾಯವಿಲ್ಲದ ನೋವನ್ನು ದುಡಿಯುವವರು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವರು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದುವು. 1956ರಲ್ಲಿ ಈ ಭಾಗವೆಲ್ಲ ಕನ್ನಡ ರಾಜ್ಯಕ್ಕೆ ಬಂದಿತು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. 1997ರಲ್ಲಿ ಗದಗ ಜಿಲ್ಲೆಯಾಯಿತು. 2015ರಲ್ಲಿ ಗದಗಿನಲ್ಲಿಯೇ ಸರಕಾರದ ವೈದ್ಯಕೀಯ ವಿದ್ಯಾಲಯ ತೆರೆಯಿತು. ಮಿರಜಿನ ದಾರಿ ಹೀಗೆ ಹಂತಹಂತವಾಗಿ ಮೊಟಕಾಯಿತು.

ಅಷ್ಟರಲ್ಲಿ ಹೊಲಿಯುವ ಕ್ರಮವೂ ಬದಲಾಗುತ್ತ ಬಂದಿತು. 1939ರಲ್ಲಿ ಸ್ವೀಡನ್ನಿನ ಲಿಂಡ್‌ಬ್ಲೋಮ್ ಸಂಧಿಯೊಳಗೆ ಒಂದು ದ್ರವವನ್ನು ಹೊಗಿಸಿ ಎಕ್ಸ್‌ಕಿರಣದ ಚಿತ್ರ ತೆಗೆದನು. ದ್ರವವು ಸೋರಿಹೋದ ಜಾಗದಿಂದ ಹರಕು ಎಲ್ಲಿದೆಯೆಂದು ತಿಳಿಯಿತು. 1944ರಲ್ಲಿ ಅಮೆರಿಕಾದ ಮೆಕ್‌ಲಾಕ್ಲಿನ್, ಮೂಳೆಯಲ್ಲಿ ಕಾಲುವೆಯಂತೆ ತೋಡಿ, ಹರಿದ ಕಂಡರದ ತುದಿಯನ್ನು ಅದರಲ್ಲಿ ಕೂರಿಸಿ, ಮೂಳೆಗೆ ಕೊರೆದ ರಂಧ್ರಗಳ ಮೂಲಕ ದಾರವನ್ನು ಹಾಯಿಸಿ ಬಿಗಿಯುವ ಕ್ರಮವನ್ನು ವಿವರಿಸಿದನು. 1972ರಲ್ಲಿ ನೀರ್ ಎಂಬಾತನು, ಕಂಡರವನ್ನು ಉಜ್ಜುವ ತುದಿಮೂಳೆಯ ಅಡಿಯನ್ನು ಕೆತ್ತಿ ಸಂದನ್ನು ಅಗಲಿಸುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದನು. ಇವೆಲ್ಲ ಹೆಗಲನ್ನು ಅಗಲವಾಗಿ ತೆರೆದು ಮಾಡತಕ್ಕವು.

ಸಣ್ಣ ರಂಧ್ರದಿಂದ ಒಳಗೆ ನೋಡುವ ವಿದ್ಯೆಯನ್ನು ಬೆಳೆಸಿದವರಲ್ಲಿ ಜಪಾನರು ಪ್ರಮುಖರು. 1918ರಲ್ಲಿ ಟೋಕಿಯೋದ ತಕಾಗಿ ಮೊಣಕಾಲಿನೊಳಗೆ ನಳಿಗೆಯನ್ನಿಟ್ಟು ನೋಡಿದನು. ಅವನ ಶಿಷ್ಯ ವತನಬೆ 1950ರ ದಶಕದ ಕೊನೆಗೆ ಅದನ್ನು ಬಳಕೆಗೆ ಯೋಗ್ಯವಾದ ಉಪಕರಣವನ್ನಾಗಿ ಮಾಡಿದನು. 1980ರ ದಶಕದಲ್ಲಿ ಆ ನಳಿಗೆ ಹೆಗಲಿನ ಚಿಕಿತ್ಸೆಗೂ ಬಂದಿತು. ದಾರವನ್ನು ಕಟ್ಟಿದ ಚಿಕ್ಕ ಮೊಳೆಯನ್ನು ಮೂಳೆಯಲ್ಲಿ ನೆಟ್ಟು, ಅದೇ ದಾರದಿಂದ ಕಂಡರವನ್ನು ಎಳೆದು ಕಟ್ಟುವ ಉಪಾಯವೂ ಆಗಲೇ ಹುಟ್ಟಿತು. 1990ರ ದಶಕದಲ್ಲಿ ಗುಂಡಿಯ ರಂಧ್ರದಷ್ಟು ಸಣ್ಣ ಕೆಲವು ಗಾಯಗಳ ಮೂಲಕವೇ ಹೊಲಿಗೆಯನ್ನೆಲ್ಲ ಮುಗಿಸುವ ಕೌಶಲ ಬಂದಿತು. 2000ದ ಬಳಿಕ ಒಂದು ಸಾಲಿನ ಬದಲು ಎರಡು ಸಾಲು ಮೊಳೆ ನೆಟ್ಟು, ದಾರವನ್ನು ಅಡ್ಡಡ್ಡವಾಗಿ ಹಾಯಿಸಿ ಕಂಡರವನ್ನು ಮೂಳೆಗೆ ಒತ್ತಿಹಿಡಿಯುವ ಕ್ರಮವೂ ರೂಢಿಯಾಯಿತು. ಹೊಲಿಯಲಾಗದಷ್ಟು ಹಾಳಾದ ವೃದ್ಧರ ಹೆಗಲಿಗೆ ಫ್ರಾನ್ಸಿನ ಗ್ರಾಮೋನ್ 1985ರಲ್ಲಿ ಗುಂಡನ್ನು ತಟ್ಟೆಯ ಕಡೆಗೂ ತಟ್ಟೆಯನ್ನು ಗುಂಡಿನ ಕಡೆಗೂ ತಿರುಗಿಸಿಟ್ಟ ಕೃತಕ ಸಂಧಿಯನ್ನು ರಚಿಸಿದನು.

ಇಷ್ಟನ್ನು ಕೇಳಿದವರು ಸಮಸ್ಯೆ ಬಗೆಹರಿಯಿತೆಂದುಕೊಳ್ಳಬಹುದು. ಆದರೆ ಕಾಡ್‌ಮನ್ನನ ಪ್ರಶ್ನೆಯನ್ನು, ಕಡೆಗೆ ಏನಾಯಿತು ಎಂಬುದನ್ನು, ಮತ್ತೆ ಕೇಳಿದಾಗ ಬಂದ ಉತ್ತರಗಳು ವಿನಯವನ್ನು ಕಲಿಸುವಂಥವು. 2004ರಲ್ಲಿ ಅಮೆರಿಕಾದ ಸೇಂಟ್ ಲೂಯಿಯ ವೈದ್ಯರು, ದೊಡ್ಡ ಹರಕುಗಳನ್ನು ಸಣ್ಣ ರಂಧ್ರಗಳ ಮೂಲಕ ಹೊಲಿಸಿಕೊಂಡ 18 ಜನರನ್ನು ಒಂದು ವರ್ಷದ ಮೇಲೆ ಪರೀಕ್ಷಿಸಿದರು. ಅವರಲ್ಲಿ 17 ಜನರ ಕಂಡರದಲ್ಲಿ ಮತ್ತೆ ಹರಕು ಕಂಡಿತು. ಆಶ್ಚರ್ಯವೆಂದರೆ ಅವರಲ್ಲಿ ಬಹುಮಂದಿಗೆ ನೋವು ತಗ್ಗಿ ಕೈ ಮೊದಲಿಗಿಂತ ಚೆನ್ನಾಗಿತ್ತು. 2014ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವು, 55 ವರ್ಷ ದಾಟಿದವರಲ್ಲಿ ಪೆಟ್ಟಿಲ್ಲದೆ ಸವೆದು ಆದ ಸಣ್ಣ ಹರಕಿಗೆ, ಒಂದು ವರ್ಷದ ಲೆಕ್ಕದಲ್ಲಿ, ಕ್ರಮವಾದ ಅಂಗಸಾಧನೆಯೂ ಶಸ್ತ್ರಕ್ರಿಯೆಯೂ ಹೆಚ್ಚುಕಡಿಮೆ ಒಂದೇ ಫಲವನ್ನು ಕೊಟ್ಟುವೆಂದು ತೋರಿಸಿತು. 2017ರಲ್ಲಿ ಬ್ರಿಟನ್ನಿನ ಪರೀಕ್ಷೆಯು, ಹೆಗಲನ್ನು ತೆರೆದು ಹೊಲಿದರೂ ರಂಧ್ರದ ಮೂಲಕ ಹೊಲಿದರೂ ಎರಡು ವರ್ಷಗಳ ಕೊನೆಗೆ ಅಂತರವಿಲ್ಲವೆಂದು ಹೇಳಿತು.

ಇದರ ಕಾರಣವನ್ನು ಬೆಟಗೇರಿಯ ನೇಕಾರರಿಗೆ ಹೇಳಿದರೆ ಬೇಗ ತಿಳಿಯುವುದು. ದಾರ ಎಷ್ಟೇ ಗಟ್ಟಿಯಾಗಿರಲಿ, ಬಟ್ಟೆ ಜೀರ್ಣವಾಗಿದ್ದರೆ ಹೊಲಿಗೆಯ ಪಕ್ಕದಲ್ಲಿ ಹರಿಯುವುದು. ಶಸ್ತ್ರವೈದ್ಯನ ಹೊಲಿಗೆ ಕಂಡರವನ್ನು ಮೂಳೆಗೆ ತಾಗಿಸಿ ಹಿಡಿಯುವುದೇ ಹೊರತು ಬೆಸೆಯುವುದಿಲ್ಲ. ಬೆಸೆಯುವುದು ದೇಹದ ಕೆಲಸ. ವೈದ್ಯನು ಮೂಳೆಯ ಮೇಲ್ಮೈಯನ್ನು ಕೆರೆದು ರಕ್ತ ಒಸರುವಂತೆ ಮಾಡುವುದು ಅದಕ್ಕಾಗಿಯೇ. ಮೊದಲ ವಾರ ಅಲ್ಲಿ ಊತವಿದ್ದು, ರಕ್ತದ ಕಣಗಳು ಗಾಯವನ್ನು ಶುದ್ಧಮಾಡುವುವು. ಅನಂತರದ ವಾರಗಳಲ್ಲಿ ಹೊಸ ಎಳೆಗಳು ಹುಟ್ಟುವುವು; ಆದರೆ ಅವು ಸಿಕ್ಕುಸಿಕ್ಕಾಗಿ ಹರಡಿದ ಎಳೆಗಳು, ಹಾಸು ಯಾವುದು ಹೊಕ್ಕು ಯಾವುದು ತಿಳಿಯದಂಥವು. ತಿಂಗಳುಗಳು ಕಳೆದಂತೆ, ಹದವಾದ ಎಳೆತಕ್ಕೆ ಒಳಗಾಗಿ, ಅವು ಒಂದೇ ದಿಕ್ಕಿಗೆ ಸಾಲುಗೊಂಡು ಬಲಿಯುವುವು. ಈ ಕೆಲಸ ಒಂದು ವರ್ಷವನ್ನೂ ಮೀರಿ ನಡೆಯುವುದು. ಹುಟ್ಟಿನಿಂದ ಬಂದ ಕಂಡರವು ಮೂಳೆಗೆ ಸೇರುವಲ್ಲಿ ಮೆತ್ತನೆಯದರಿಂದ ಗಟ್ಟಿಯದಕ್ಕೆ ನಾಲ್ಕು ಪದರಗಳು ಕ್ರಮವಾಗಿ ಇರುತ್ತವೆ. ಹೊಲಿದು ಕೂಡಿದ ಜಾಗದಲ್ಲಿ ಆ ಪದರಗಳು ಮೊದಲಿದ್ದಂತೆ ಮತ್ತೆ ಹುಟ್ಟವು; ಅಲ್ಲಿ ಇರುವುದು ಗಾಯದ ಕಲೆಯ ಬೆಸುಗೆ. ವಯಸ್ಸು, ಮಧುಮೇಹ, ಬೀಡಿ ಸಿಗರೇಟಿನ ಚಟ ಇವು ಬೆಸುಗೆಯನ್ನು ಕೆಡಿಸುವುವು. ತಡಮಾಡಿದರೆ ಹರಿದ ಕಂಡರವು ಒಳಗೆ ಸರಿದುಕೊಂಡು, ಕೆಲಸವಿಲ್ಲದ ಮಾಂಸಖಂಡದಲ್ಲಿ ಕೊಬ್ಬು ತುಂಬಿ, ಹೊಲಿದರೂ ಫಲ ಕಡಮೆಯಾಗುವುದು.

ಆದುದರಿಂದಲೇ ಶಸ್ತ್ರಕ್ರಿಯೆಯಾದವರ ಕೈಯನ್ನು ನಾಲ್ಕರಿಂದ ಆರು ವಾರ ಜೋಳಿಗೆಯಲ್ಲಿ ಇರಿಸುವರು. ಅದುವರೆಗೆ ಬೇರೊಬ್ಬರ ನೆರವಿನಿಂದಷ್ಟೆ ತೋಳನ್ನು ಮೆಲ್ಲಗೆ ಆಡಿಸುವರು. ಬಲ ಕೂಡಿಸುವ ಸಾಧನೆ ಸುಮಾರು ಹನ್ನೆರಡು ವಾರಗಳ ಮೇಲೆ. ಭಾರ ಎತ್ತುವುದು ಸುಮಾರು ಆರು ತಿಂಗಳ ಮೇಲೆ. ಕಾಡ್‌ಮನ್ನನ ಕಾಲದಿಂದ ಇಂದಿನ ವರೆಗೆ ಗಾಯ ಕಿರಿದಾಯಿತು, ದಾರ ಗಟ್ಟಿಯಾಯಿತು, ಆಸ್ಪತ್ರೆ ಹತ್ತಿರವಾಯಿತು. ಕಂಡರವು ಮೂಳೆಗೆ ಬೆಸೆಯಲು ಬೇಕಾದ ಕಾಲ ಮಾತ್ರ ಕಡಮೆಯಾಗಲಿಲ್ಲ.

ಆ ಕಾಲವನ್ನು ಯಾರು ಕೊಡಬೇಕು? ಈ ಚರಿತ್ರೆ ನಮ್ಮ ಮುಂದೆ ಇಡುವ ಪ್ರಶ್ನೆ ಇದೇ. ಕೂತು ಲೆಕ್ಕ ಬರೆಯುವವನು ಒಂದು ಕೈಯನ್ನು ಜೋಳಿಗೆಯಲ್ಲಿಟ್ಟು ಸಂಬಳ ಪಡೆಯಬಹುದು. ಮುಂಡರಗಿಯ ಹೊಲದಲ್ಲಿ ದುಡಿಯುವ ಹೆಣ್ಣುಮಗಳಿಗೂ ಬೆಟಗೇರಿಯ ಮಗ್ಗದವರಿಗೂ ಗದಗಿನ ಹಮಾಲರಿಗೂ ಆರು ತಿಂಗಳ ವಿಶ್ರಾಂತಿಯೆಂದರೆ ಆರು ತಿಂಗಳ ಕೂಲಿ ಹೋದಂತೆ. ನಮ್ಮ ದೇಶದಲ್ಲಿ ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡುವ ಕಾಯಿದೆ 1923ರಲ್ಲಿಯೂ, ಕಾರ್ಮಿಕರ ವಿಮೆಯ ಕಾಯಿದೆ 1948ರಲ್ಲಿಯೂ ಬಂದುವು. ಅವು ಮುಖ್ಯವಾಗಿ ಕಾರ್ಖಾನೆಯ ಕೂಲಿಕಾರರನ್ನು ಲಕ್ಷಿಸಿ ಹುಟ್ಟಿದುವು. ಸ್ವಂತ ಮನೆಯ ಮಗ್ಗದಲ್ಲಿ ಕುಳಿತವರನ್ನು ಮುಟ್ಟಲಿಲ್ಲ. ಶಸ್ತ್ರಕ್ರಿಯೆಯ ವೆಚ್ಚವನ್ನು ಯಾರಾದರೂ ಭರಿಸಿದರೂ, ವಿಶ್ರಾಂತಿಯ ವೆಚ್ಚ ರೋಗಿಯ ಒಲೆಯ ಮೇಲೆಯೇ ಬೀಳುವುದು. ಅವಸರದಿಂದ ಚೀಲಕ್ಕೆ ಕೈಹಾಕಿದವನ ಹೊಲಿಗೆ ಬಿಚ್ಚಿದರೆ ಅದನ್ನು ವೈದ್ಯನ ತಪ್ಪೆನ್ನಲಾಗದು, ರೋಗಿಯ ತಪ್ಪೆಂದೂ ಹೇಳಲಾಗದು.

ಶ್ರೋತೃಗಳಲ್ಲಿ ನಮ್ಮ ವಿಜ್ಞಾಪನೆ ಎರಡೇ. ಬಿದ್ದಮೇಲೆ ಮೂಳೆ ಸರಿಯಿದ್ದೂ ತೋಳು ಏಳದಿದ್ದರೆ ನೀವಿಸಿ ಎಳೆಸಿ ತಿಂಗಳುಗಟ್ಟಲೆ ಕಾಯದೆ, ಕೆಲವು ವಾರಗಳೊಳಗಾಗಿಯೇ ಮೂಳೆವೈದ್ಯರಿಗೆ ತೋರಿಸಿ ಕಂಡರವನ್ನು ಪರೀಕ್ಷಿಸಿರೆಂದು ಕೇಳುವುದು ಒಂದು. ಇಂದು ಧ್ವನಿತರಂಗದ ಯಂತ್ರವೂ ಕಾಂತಕ್ಷೇತ್ರದ ಚಿತ್ರವೂ ಕಂಡರವನ್ನು ತೋರಿಸಬಲ್ಲವು. ನಮ್ಮಲ್ಲಿ ಯಾರ ಚೀಲವನ್ನು ಅವರು ಹೊತ್ತರೋ, ಯಾರ ಸೀರೆಯನ್ನು ನೇಯ್ದರೋ ಅಂಥವರು ಆ ಆರು ತಿಂಗಳಿಗೆ ಹೊಣೆಯಾಗುವುದು ಇನ್ನೊಂದು. ಅದು ಸಂಘದ ನಿಧಿಯಿಂದಾಗಲಿ, ವರ್ತಕರ ವಂತಿಗೆಯಿಂದಾಗಲಿ, ಸರಕಾರದ ನಿಯಮದಿಂದಾಗಲಿ ನಡೆಯಬಹುದು.

ಮುಂದೊಮ್ಮೆ ಗದಗಿಗೆ ಹೋದಾಗ ನಾವು ಆ ಹಿರಿಯರನ್ನು ಕಂಡು, ಅವರ ಪ್ರಶ್ನೆಗೆ ಉತ್ತರವನ್ನು ಹೇಳಿ, ಹುಬ್ಬಳ್ಳಿಯ ದಾರಿಯನ್ನು ತೋರಿಸಿದೆವು. ಪರೀಕ್ಷೆ ಮಾಡಿದ ವೈದ್ಯರು ಕಂಡರ ಒಳಗೆ ಸರಿದುಹೋಗಿದೆ, ಹೊಲಿಯುವ ಕಾಲ ಮೀರಿದೆ ಎಂದರಂತೆ. ಉಳಿದ ಮಾಂಸಖಂಡಗಳಿಗೆ ಬಲ ಬರುವ ಸಾಧನೆಯನ್ನು ಕಲಿಸಿಕೊಟ್ಟರಂತೆ. ಈಗ ಅವರು ತಲೆ ಬಾಚಿಕೊಳ್ಳಬಲ್ಲರು, ಚೀಲ ಹೊರಲಾರರು. ಅದೇ ಮಾರುಕಟ್ಟೆಯಲ್ಲಿ ತೂಕದವರ ಪಕ್ಕದಲ್ಲಿ ಕುಳಿತು ಚೀಲದ ಬಾಯಿ ಹೊಲಿಯುತ್ತಿದ್ದಾರೆ.